ನನ್ನ ಮುಖದ ಎಣ್ಣೆ

ಮುಖದಲ್ಲಿ ಮೊಡವೆ ಕಂಡರೆ ಸಾಕು, ಎಲ್ಲರೂ ಡಾಕ್ಟರಾಗಿಬಿಡುತ್ತಾರೆ. ಅರಿಸಿನ ಹಚ್ಚು, ಶೇಂಗಾ ಬಿಡು, ಕಡಲೆಹಿಟ್ಟು ತಿಕ್ಕು. ಈ ಪುಕ್ಕಟೆ ಸಲಹೆಗಳನ್ನು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಂಬತ್ತರ ದಶಕದಲ್ಲಿ ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ನಾನು ಮಾಡುತ್ತಿದ್ದುದೇ ಚರ್ಮದ ಎಣ್ಣೆಗ್ರಂಥಿಗಳ ಅಧ್ಯಯನ. ಅಲ್ಲಿ ಎಲ್ಲರಿಗಿಂತ ಹೆಚ್ಚು ಮಿರುಗುತ್ತಿದ್ದುದು ನನ್ನ ಮುಖವೇ ಎನ್ನುವುದು ಬೇರೆ ಮಾತು.

ಈ ಗ್ರಂಥಿಯ ಜೀವಕೋಶದ ಬಾಳು ವಿಚಿತ್ರವಾದದ್ದು. ಅಂಚಿನಲ್ಲಿ ಹುಟ್ಟಿ, ಒಳಕ್ಕೆ ಸರಿಯುತ್ತ ಎಣ್ಣೆ ತುಂಬಿಕೊಂಡು, ಕೊನೆಗೆ ಒಡೆದು ತಾನೇ ಎಣ್ಣೆಯಾಗಿ ಹೋಗುತ್ತದೆ. ಯಾವ ಕೋಶ ಎಷ್ಟು ಬೆಳೆದಿದೆ ಎಂಬುದನ್ನು ಅದರೊಳಗಿನ ಪ್ರೋಟೀನುಗಳೇ ಹೇಳಬೇಕು. ಗಾಜಿನ ಮೇಲಿಟ್ಟ ಚರ್ಮದ ತೆಳು ಚೂರಿಗೆ ತಕ್ಕ ದ್ರಾವಣ ಹಾಕಿದರೆ, ಹುಡುಕುವ ಪ್ರೋಟೀನು ಇದ್ದಲ್ಲಿ ಮಾತ್ರ ಕಂದುಬಣ್ಣ ಏಳುತ್ತದೆ. ಕಣ್ಣಿಗೆ ಕಾಣದ ಒಂದು ಕೋಶದ ಬಗ್ಗೆ ಒಂದು ಮಾತು ಹೇಳಲು ನಾವು ವಾರಗಟ್ಟಲೆ ಒದ್ದಾಡುತ್ತಿದ್ದೆವು. ಹುಡುಗಿಯೊಬ್ಬಳ ಬಗ್ಗೆ ತೀರ್ಪು ಕೊಡಲು ಜನಕ್ಕೆ ಒಂದು ಕಪ್ ಚಹಾ ಸಾಕಾಗುತ್ತದೆ.

ಆ ಚಹಾ ಕುಡಿಯಲು ಖಾನಾಪುರದ ನಮ್ಮ ಮನೆಗೆ ಒಮ್ಮೆ ವರನ ಕಡೆಯವರು ಬಂದರು. ಅವ್ವ ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು: "ಇದೂ ಮುರೀತಂದ್ರ ನಿನ್ನ ಬೆಳಗಾವಿ ಬಂದ್. ನೌಕರಿ ಬಿಟ್ಟು ಮನ್ಯಾಗ ಕುಂದರು."

ವರನ ತಾಯಿ ಚಹಾದ ಕಪ್ ಕೆಳಗಿಟ್ಟು ನನ್ನ ಗಲ್ಲವನ್ನೇ ದಿಟ್ಟಿಸಿದರು. "ಯವ್ವಾ, ಮಾರಿ ತೊಳಕೊಂಡು ಬಾ. ಪೌಡರ್ ಕೆಳಗ ಖರೇ ಏನೈತಿ ನೋಡೂಣು."

ಹಿತ್ತಾಳೆ ಪಾತ್ರೆ ಕೊಳ್ಳುವಾಗಲೂ ಜನ ಇಷ್ಟು ಉಜ್ಜಿ ನೋಡುವುದಿಲ್ಲ. ಸಿಟ್ಟು ಬಂತು. ಆದರೂ ಬಚ್ಚಲಿಗೆ ಹೋದೆ, ತಿಕ್ಕಿ ತಿಕ್ಕಿ ತೊಳೆದೆ. ಕೆಂಪು ಮೊಡವೆಗಳ ಸಮೇತ ಹೊರಗೆ ಬಂದೆ. ಬರುವಾಗ ಕೈಯಲ್ಲಿ ನೀರಿನ ತಂಬಿಗೆ, ಸಾಬೂನು, ಟವೆಲ್ಲು ಇದ್ದವು. ಅವನ್ನು ವರನ ಮುಂದೆ ಇಟ್ಟೆ. ಅವನ ಹಣೆಯ ಮೇಲೂ ಪೌಡರು ಬೆವರಿಗೆ ಹಿಟ್ಟಿನಂತೆ ಗಂಟುಕಟ್ಟಿತ್ತು.

"ಇನ್ನ ನೀವು ತೊಳಕೊಂಡು ಬರ್ರಿ," ಎಂದೆ. "ನಾನೂ ನೋಡಬೇಕಲ್ರಿ?"

ಅವರು ಚಪ್ಪಲಿ ಮೆಟ್ಟಿದ್ದೂ ಗೊತ್ತಾಗಲಿಲ್ಲ, ಅಷ್ಟು ಬೇಗ ಹೋದರು.

ನನ್ನ ನೌಕರಿಯ ಕಥೆ ಮುಗಿಯಿತು ಎಂದುಕೊಂಡೆ. ಅವ್ವ ಆ ತಂಬಿಗೆಯನ್ನು ತನ್ನತ್ತ ಎಳೆದುಕೊಂಡು ಕುಳಿತಳು. ಬೈಗುಳಕ್ಕೆ ಸಿದ್ಧಳಾಗಿಯೇ ನಾನು ಎದುರಿಗೆ ನಿಂತಿದ್ದೆ.

"ನಿಮ್ಮಪ್ಪನ ಮನಿಯವರೂ ನನ್ನ ಮಾರಿ ತೊಳಸಿ ನೋಡಿದ್ರು," ಎಂದಳು. "ನಾ ಸುಮ್ಮನ ತೊಳಕೊಂಡು ಬಂದು ಕುಂತೆ."

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ನಾಳಿ ಮೊದಲನೇ ಬಸ್ಸಿಗೇ ಹೋಗು. ಕೆಲಸಕ್ಕ ತಡಾ ಆಗಬಾರದು."