ಎತ್ತಬಾರದ ಕರೆ

ಮನೆಯಲ್ಲಿ ಒಂದು ಹಳೆಯ ಛತ್ರಿಯನ್ನೂ ಬಿಸಾಡಲಾರದವನು ನಾನು. ಕಡ್ಡಿ ಮುರಿದದ್ದು, ಮುಚ್ಚಳ ಕಳೆದುಕೊಂಡ ಡಬ್ಬಿ, ಒಂಟಿಯಾಗಿ ಉಳಿದ ಚಪ್ಪಲಿ, ಎಲ್ಲವೂ ನಮ್ಮ ಕೊಪ್ಪಳದ ಮನೆಯ ಅಟ್ಟದಲ್ಲಿ ಸುಖವಾಗಿವೆ. ಹೆಂಡತಿ ಹೇಳಿ ಹೇಳಿ ಬೇಸತ್ತು ಸುಮ್ಮನಾಗಿದ್ದಾಳೆ. ಆದರೆ ಕಂಪ್ಯೂಟರಿನ ಮುಂದೆ ಕೂತರೆ ನಾನೇ ಬೇರೆ. ಅಲ್ಲಿ ಹಳತು ಕಂಡರೆ ನನಗೆ ಮೈಯುರಿ.

ಯಲಬುರ್ಗಾ ಕಡೆಯ ರೈತರ ಸಂಘವೊಂದು ರಾಶಿ ಮಷಿನ್ ಬಾಡಿಗೆಗೆ ಕೊಡುತ್ತದೆ. ಕಿತ್ತ ಕಡಲೆಯನ್ನು ಹೊಲದಲ್ಲೇ ಒಕ್ಕಿ ಕಾಳು ಬೇರೆ ಮಾಡುವ ಯಂತ್ರ. ಮೊದಲೆಲ್ಲ ದೊಡ್ಡ ದನಿಯವರಿಗೆ ಮೊದಲ ಪಾಳಿ. ಗಂಡ ಹೋದ ಮೇಲೆ ಒಬ್ಬಳೇ ಒಕ್ಕಲುತನ ಮಾಡುವ ತಳಕಲ್ಲಿನ ದೇವಕ್ಕನಂಥವರು ಕೊನೆಗೆ ಉಳಿಯುತ್ತಿದ್ದರು. ಅದಕ್ಕೆಂದೇ ನಾನೊಂದು ವೆಬ್‌ಸೈಟ್ ಮಾಡಿಕೊಟ್ಟೆ. ರೈತರು ಅದನ್ನು ತೆರೆದು ನೋಡಬೇಕಿರಲಿಲ್ಲ. ಒಂದು ನಂಬರಿಗೆ ಮಿಸ್ ಕಾಲ್ ಕೊಟ್ಟರೆ ಹೆಸರು ಪಾಳಿಗೆ ಹತ್ತುತ್ತಿತ್ತು. ಪಾಳಿ ಬಂದ ದಿನ ಮಷಿನ್ ಹೊಲಕ್ಕೆ ಹೋಗುತ್ತಿತ್ತು.

ಮಿಸ್ ಕಾಲ್ ಗುರುತು ಹಿಡಿಯುವ ತಂತ್ರಾಂಶ ಮಾತ್ರ ನಾನು ಬರೆದದ್ದಲ್ಲ. ವೆಬ್‌ಸೈಟ್ ಎಂಬುದೇ ಹಾಗೆ. ಯಾರೋ ಎಲ್ಲೋ ಬರೆದು ಪುಕ್ಕಟೆ ಬಿಟ್ಟದ್ದನ್ನು ತಂದು ಜೋಡಿಸಿ, ಮೇಲೆ ನಮ್ಮ ಹೆಸರು ಹಾಕಿಕೊಳ್ಳುವುದು. ಹಾಗೆ ತಂದ ತುಣುಕಿಗೆ ನಮ್ಮವರು ಡಿಪೆಂಡೆನ್ಸಿ ಎನ್ನುತ್ತಾರೆ. ಇದನ್ನು ಬರೆದ ಪುಣ್ಯಾತ್ಮ ಇನ್ನು ನನ್ನಿಂದಾಗದೆಂದು ಕೈ ತೊಳೆದುಕೊಂಡಿದ್ದ. ಹಳತಾಗಿದೆ, ಅಪಾಯ ಎಂದು ಸರ್ವರ್ ದಿನಾ ಗೊಣಗುತ್ತಿತ್ತು. ಕಿತ್ತುಹಾಕಿದೆ. ಅದರ ಜಾಗದಲ್ಲಿ ಓಟಿಪಿ ಒತ್ತಿ ಪಾಳಿ ಹಿಡಿಯುವ ಚೆಂದದ ಪುಟ ಕೂರಿಸಿ, ವಾಟ್ಸಾಪಿನಲ್ಲಿ ಎಲ್ಲರಿಗೂ ತಿಳಿಸಿದೆ. ಒಂದು ತಕರಾರೂ ಬರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಮ್ಮ ಕಡೆಯ ಇಟಗಿಯ ಹಳೆಯ ಗುಡಿಯಲ್ಲಿ ಕಲ್ಲಿನ ಮೇಲೆ ಕಲ್ಲು ಸುಮ್ಮನೆ ಕೂತಿದೆ. ಯಾವ ಕಲ್ಲು ಯಾವುದರ ಭಾರ ಹೊತ್ತಿದೆ ಎಂಬುದು ತೆಗೆದು ನೋಡಿದರಷ್ಟೇ ತಿಳಿದೀತು. ಇಷ್ಟು ಶತಮಾನ ಅದು ನಿಂತಿರುವುದಕ್ಕೆ ನನ್ನಂಥವನ ಕೈಗೆ ಸಿಗದಿರುವುದೂ ಒಂದು ಕಾರಣವಿರಬೇಕು.

ಅಕಾಲದ ಮಳೆ ಸುರಿದ ಮರುದಿನ ಸಂಘದ ಅಧ್ಯಕ್ಷರ ಫೋನು ಬಂತು. “ದೇವಕ್ಕ ನಿಮ್ಮನ್ನ ಕೇಳಾಕತ್ತಾಳ್ರಿ. ಒಮ್ಮೆ ಬಂದು ಹೋಗ್ರಿ.” ಹೋದೆ. ಆಕೆ ಈ ವರ್ಷ ಬೆಳೆದದ್ದು ಕಡಲೆಯೊಂದೇ. ಅದು ಹೊಲದಲ್ಲಿ ಒಟ್ಟಿದ್ದಲ್ಲೇ ತೊಯ್ದು, ಕಪ್ಪಗಾಗಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು.

“ಮಿಸ್ ಕಾಲ್ ಕೊಟ್ಟಿದ್ನೆಪಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಯಾವ ನಂಬರಿಗೆ, ದೇವಕ್ಕ?”

“ಅದ, ಯಾವಾಗ್ಲೂ ಕೊಡೋ ನಂಬರಿಗೆ. ರಿಂಗ್ ಆತು, ಕಟ್ ಮಾಡಿದೆ. ಮಷಿನ್ ಇವತ್ತು ಬರತೈತಿ, ನಾಳೆ ಬರತೈತಿ ಅಂತ ಕುಂತೆ.”

ಆಕೆಯ ಸೊಂಟದಲ್ಲಿದ್ದದ್ದು ಗುಂಡಿ ಒತ್ತುವ ಫೋನು. ನನ್ನ ವಾಟ್ಸಾಪಿನ ಡಂಗುರ ಅದಕ್ಕೆ ಕೇಳಿಸುವುದು ಹೇಗೆ? ಆ ಹಳೆಯ ನಂಬರಿನ ಸಿಮ್ ಸಂಘದ ಕಚೇರಿಯಲ್ಲಿ, ಕರೆ ಹಿಡಿಯುವ ಪೆಟ್ಟಿಗೆಯೊಳಗೆ ಜೀವಂತವಿತ್ತು. ಅದರ ಕರೆ ಕೇಳುವ ತಂತ್ರಾಂಶವಷ್ಟೇ ಇರಲಿಲ್ಲ. ಮಿಸ್ ಕಾಲ್ ಎಂದರೆ ಯಾರೂ ಎತ್ತಬಾರದೆಂದೇ ಮಾಡುವ ಕರೆ. ಆ ಕಡೆ ಯಾರೂ ಇಲ್ಲದಿದ್ದರೂ ಅದು ಅಷ್ಟೇ ಚೆನ್ನಾಗಿ ರಿಂಗಾಗುತ್ತದೆ. ತಕರಾರು ಏಕೆ ಬರಲಿಲ್ಲವೆಂದು ಆಗ ತಿಳಿಯಿತು.

ಈಗ ಆ ಸಿಮ್ ನನ್ನ ಫೋನಿನಲ್ಲಿದೆ. ಒಮ್ಮೆ ಹೊಡೆದುಕೊಂಡು ನಿಂತರೆ ನಂಬರು ನೋಡಿ ಹೆಸರನ್ನು ಕೈಯಾರೆ ಪಾಳಿಗೆ ಹಚ್ಚುತ್ತೇನೆ. ಕಿತ್ತ ತಂತ್ರಾಂಶದ ಜಾಗಕ್ಕೆ ನಾನೇ ಸೇರಿಕೊಂಡಿದ್ದೇನೆ. “ಎತ್ತಬ್ಯಾಡ್ರಿ ಮತ್ತ,” ಎಂದು ಹೆಂಡತಿ ಅಡುಗೆಮನೆಯಿಂದ ನೆನಪಿಸುತ್ತಾಳೆ.

ಮೊನ್ನೆ ಒಂದು ಕರೆ ನಿಲ್ಲಲೇ ಇಲ್ಲ. ಎತ್ತಿದೆ.

“ಯಾರರ ಅದಾರೋ ಇಲ್ಲೋ ಅಂತ ನೋಡಿದೆ,” ದೇವಕ್ಕನ ದನಿ.

“ಅದೀನಿ, ದೇವಕ್ಕ.”

“ಹಂಗಾರ ಇಡ್ತೀನಿ.”

ಹೊಲದಲ್ಲಿ ಈಗ ರಾಶಿಗೆ ಏನೂ ಇಲ್ಲ. ಆದರೂ ಅಂದಿನಿಂದ ಆಕೆ ದಿನಾ ಕರೆ ಮಾಡುತ್ತಾಳೆ. ನಾನು ಕಿತ್ತ ತಂತ್ರಾಂಶ ಒಂದು ದಿನವೂ ಬಾಯಿ ಬಿಟ್ಟದ್ದಿಲ್ಲ. ಅದನ್ನು ಆಕೆ ನಂಬಿದ್ದಳು. ನಾನು ಬಾಯಿಬಿಟ್ಟು ಅದೀನಿ ಎನ್ನುತ್ತೇನೆ. ಮರುದಿನ ಖಾತ್ರಿಗೆಂದು ಫೋನು ಮತ್ತೆ ಹೊಡೆದುಕೊಳ್ಳುತ್ತದೆ.