ತೂಕದ ಪುಸ್ತಕದ ಚುಕ್ಕೆ

ಗೋಡೆಯಾಚೆ ಕಬ್ಬಿಣ ಬಿದ್ದ ಸದ್ದಿಗೇ ಅವಳಿಗೆ ಬೆಳಗಾಗುತ್ತದೆ. ಭಾರ ಎತ್ತುವವರ ಶೆಡ್ಡಿಗೂ ಅವಳ ಒಂದು ಕೋಣೆಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಐದೂವರೆಗೆ ಒಲೆಯ ಮೇಲೆ ಚಹಾದ ನೀರಿಟ್ಟು ಅವಳು ಕಿವಿಗೊಟ್ಟು ನಿಲ್ಲುತ್ತಾಳೆ. ಧಡ್ ಎಂದು ಬಿದ್ದು ಅಲ್ಲಿಗೇ ಸುಮ್ಮನಾದರೆ ಅದು ಮೀಸೆಯವನು. ಬಿದ್ದ ಮೇಲೆ ಒಂದು ಬೈಗುಳವೂ ಕೇಳಿದರೆ ಅವನ ಗೆಳೆಯ. ಧಡ್ ಎಂದು ಬಿದ್ದು, ಪುಟಿದು, ಇನ್ನೊಮ್ಮೆ ಮೆಲ್ಲಗೆ ಬಿದ್ದರೆ ಅದು ಪುಟಾಣಿ. ಎಲ್ಲರಿಗಿಂತ ಚಿಕ್ಕ ತೂಕದ ವರ್ಗದಲ್ಲಿ ಎತ್ತುವ ಹತ್ತೊಂಬತ್ತರ ಹುಡುಗಿ. ಭಾರವನ್ನು ಕೆಳಗೆ ಬಿಡುವಾಗಲೂ ಅರ್ಧ ದಾರಿಯವರೆಗೆ ಅದರ ಜೊತೆ ಕೈ ಕಳಿಸುತ್ತಾಳೆ, ಬೀದಿಯ ತಿರುವಿನವರೆಗೆ ನೆಂಟರನ್ನು ಬಿಟ್ಟು ಬರುವ ಹಾಗೆ.

ಆ ಬುಧವಾರ ಪುಟಾಣಿಯ ಸದ್ದು ಬರಲಿಲ್ಲ. ಚಹಾ ಉಕ್ಕಿ ಒಲೆಯೆಲ್ಲ ಹರಡಿತು. ಅವಳು ಒರೆಸುತ್ತ ಮತ್ತೆ ಕೇಳಿದಳು. ಮೀಸೆಯವನು. ಬೈಗುಳ. ಮತ್ತೆ ಮೀಸೆಯವನು.

ಕಾಗದದ ಮೇಲೆ ಅವಳು ಆ ಕ್ರೀಡಾ ಕೇಂದ್ರದ ಆಪ್ತ ಸಮಾಲೋಚಕಿ. ಆಟಗಾರರ ಮನಸ್ಸು ನೋಡಿಕೊಳ್ಳುವುದು ಅವಳ ಕೆಲಸ. ಆರು ವರ್ಷದ ಹಿಂದೆ ಬಂದಾಗ ಓಟದ ಟ್ರ್ಯಾಕಿಗೆ ಎದುರಾಗಿ ಒಂದು ಕೋಣೆ, ಎರಡು ಕುರ್ಚಿ, ಬಾಗಿಲ ಮೇಲೊಂದು ಫಲಕ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಆ ಬಾಗಿಲು ತಟ್ಟಿದವನು ಒಬ್ಬನೇ. ಅವನು ಕೇಳಿದ್ದು ಶೌಚಾಲಯ ಎಲ್ಲಿದೆ ಎಂದು. ಯಾರಾದರೂ ಆ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಸಾಕು, ಟ್ರ್ಯಾಕಿನ ಕಡೆಯಿಂದ ಕೂಗು ಬರುತ್ತಿತ್ತು. "ಏನೋ, ನಟ್ಟು ಸಡಿಲ ಆಯ್ತಾ?"

ಅಷ್ಟರಲ್ಲಿ ತೂಕ ಬರೆಯುತ್ತಿದ್ದ ಹಿರಿಯರು ನಿವೃತ್ತರಾದರು. ಆ ಕೆಲಸವನ್ನೂ ತನಗೇ ಕೊಡಿ ಎಂದು ಅವಳು ಕಚೇರಿಯಲ್ಲಿ ಕೇಳಿದಳು. ಇವಳದೇ ನಟ್ಟು ಸಡಿಲವಾಗಿರಬೇಕು ಎಂದುಕೊಂಡು ಅವರು ಕೊಟ್ಟುಬಿಟ್ಟರು. ಭಾರ ಎತ್ತುವವರು, ಕುಸ್ತಿಯವರು, ಬಾಕ್ಸಿಂಗಿನವರು ದಿನಾ ಬೆಳಿಗ್ಗೆ ತೂಕ ಕೊಡಲೇಬೇಕು. ತೂಕದ ಕೋಣೆಗೆ ಒಂದು ನೀಲಿ ಪರದೆ, ಒಳಗೆ ಒಮ್ಮೆಗೆ ಒಬ್ಬರೇ. ಯಂತ್ರದ ಮೇಲೆ ಹತ್ತಿದವರು ಅಲುಗಾಡದೆ ಎದುರಿನ ಗೋಡೆ ನೋಡುತ್ತ ನಿಲ್ಲಬೇಕು. ಹಿಂದೆ ಕುರ್ಚಿಯಲ್ಲಿ ಕೂತ ಅವಳ ಮುಖ ಅವರಿಗೆ ಕಾಣುವುದಿಲ್ಲ. ಆ ಒಂದು ನಿಮಿಷದಲ್ಲಿ ಜನ ಗೋಡೆಗೆ ಏನೇನೋ ಹೇಳಿದರು. ಗೆದ್ದ ರಾತ್ರಿಯೂ ನಿದ್ದೆ ಬರದ್ದು, ಅಪ್ಪನ ಫೋನು ಬಂದರೆ ಎತ್ತದೆ ದಿಂಬಿನಡಿ ಇಡುವುದು, ಪದಕ ಸಿಕ್ಕ ಮೇಲೆ ಇನ್ನು ಯಾಕೆ ಏಳಬೇಕು ಎಂದು ಅನ್ನಿಸುವುದು. ನಿಮಿಷ ಸಾಲದವರು ಮಧ್ಯಾಹ್ನ ಮೂರಕ್ಕೆ ಬಂದು, "ಅಕ್ಕ, ತೂಕ ಇನ್ನೊಂದ್ಸಲ ನೋಡ್ಬೇಕಿತ್ತು" ಅನ್ನುವ ರೂಢಿ ತಾನಾಗಿ ಬೆಳೆಯಿತು. ಹಾಗಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ನಗುತ್ತಿರಲಿಲ್ಲ. ಅವಳು ತೂಕದಕ್ಕ ಆದದ್ದು ಹೀಗೆ.

ಅವಳಿಗೊಂದು ನಿಯಮವಿತ್ತು. ಹೊರಗೆ ಎಲ್ಲಿ ಸಿಕ್ಕರೂ ತಾನಾಗಿ ಯಾರನ್ನೂ ಮಾತಾಡಿಸುವುದಿಲ್ಲ. ಅವರಾಗಿ ಮಾತಾಡಿಸಿದರೆ ಸರಿ, ಇಲ್ಲದಿದ್ದರೆ ಅಪರಿಚಿತರ ಹಾಗೆ ನಡೆದುಬಿಡುವುದು. ತನ್ನ ಪರಿಚಯ ಇದೆ ಎನ್ನುವುದೇ ಅವರಿಗೊಂದು ಅಡ್ಡಹೆಸರಾಗಬಾರದು. ಬಹುತೇಕ ಯಾರೂ ಮಾತಾಡಿಸುತ್ತಿರಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ ತನ್ನ ಮುಂದೆ ನಿಂತವನ ಕನಸಿನಲ್ಲಿ ಏನು ಬರುತ್ತದೆಂಬುದೂ ಅವಳಿಗೆ ಗೊತ್ತಿರುತ್ತಿತ್ತು. ಅವನು ಚಿಲ್ಲರೆ ತೆಗೆದುಕೊಂಡು ತಿರುಗಿ ನೋಡದೆ ಹೋಗುತ್ತಿದ್ದ. ಊಟದ ಹಾಲ್‌ನಲ್ಲಿ ಅವಳು ಒಮ್ಮೆಯೂ ಕೂತವಳಲ್ಲ. ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ತಂದು ಕಿಟಕಿಯ ಮುಂದೆ ತಿನ್ನುತ್ತಿದ್ದಳು. ತಟ್ಟೆ ಒಂದು, ಲೋಟ ಎರಡು, ಎರಡನೆಯದರಲ್ಲಿ ಪೆನ್ಸಿಲುಗಳಿದ್ದವು.

ತಪ್ಪು ಆದದ್ದು ಆ ಪೆನ್ಸಿಲಿನಿಂದಲೇ.

ಆಟಗಾರರು ಹೇಳಿದ್ದನ್ನು ಬರೆಯುವ ನೋಟ್‌ಪುಸ್ತಕ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಆದರೆ ನಾಳೆ ಯಾರನ್ನು ಮರೆಯದೆ ಕೇಳಬೇಕು ಎಂಬುದಕ್ಕೆ ಅವಳು ತೂಕದ ಪುಸ್ತಕದಲ್ಲೇ, ಅವರ ತೂಕದ ಪಕ್ಕ, ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ಧೂಳಿನಷ್ಟು ಚಿಕ್ಕದು. ತೂಕದ ಪುಸ್ತಕ ಪ್ರತಿ ಸಂಜೆ ಶೆಡ್ಡಿನಲ್ಲಿ ತರಬೇತಿ ಕೊಡುವ ಮೇಷ್ಟ್ರ ಮೇಜಿಗೆ ಹೋಗುತ್ತಿತ್ತು.

ಪುಟಾಣಿಯ ಸಾಲಿನಲ್ಲಿ ಒಂಬತ್ತು ದಿನದಿಂದ ಚುಕ್ಕೆ ಇತ್ತು. ಹಿಂದಿನ ಸ್ಪರ್ಧೆಯಲ್ಲಿ ತಲೆಯ ಮೇಲೆತ್ತಿದ ಭಾರ ಹಿಂದಕ್ಕೆ ಜಾರಿ ಬೆನ್ನ ಹತ್ತಿರ ಬಿದ್ದಿತ್ತು. ಪೆಟ್ಟಾಗಿರಲಿಲ್ಲ. "ಕೈ ನಂದಲ್ಲ ಅನ್ಸತ್ತೆ ಅಕ್ಕ," ಎಂದು ಅವಳು ಗೋಡೆಗೆ ಹೇಳಿದ್ದಳು. "ಬಾರ್ ಹಿಡೀತಿದ್ದಂಗೆ ಯಾರೋ ಬೇರೆಯವ್ರ ಕೈ ತಂದು ಅಂಟ್ಸಿದಂಗೆ." ಒಂಬತ್ತು ಮಧ್ಯಾಹ್ನ ಬಂದಳು. ಮೊದಲು ಬರೀ ಅತ್ತಳು. ಆಮೇಲೆ ಬಾರ್ ಬಿದ್ದ ಕ್ಷಣವನ್ನು ಚೂರುಚೂರಾಗಿ ಹೇಳಿದಳು, ಮತ್ತೆ ಹೇಳಿದಳು. ಏಳನೆಯ ದಿನ ನಿದ್ದೆ ಬಂತು ಅಂದಳು. ಒಂಬತ್ತನೆಯ ದಿನ ನಕ್ಕು, "ಇವತ್ತು ಕೈ ವಾಪಸ್ ಬಂದಿದೆ, ಉಗುರು ಮಾತ್ರ ಇನ್ನೂ ಬಂದಿಲ್ಲ" ಅಂದಳು.

ಅದು ಮಂಗಳವಾರ. ಅದೇ ಸಂಜೆ ಆಯ್ಕೆ ಸ್ಪರ್ಧೆಗೆ ಹೋಗುವ ಮೂವರ ಹೆಸರು ಶೆಡ್ಡಿನ ಬಾಗಿಲಿಗೆ ಅಂಟಿಸಿದರು. ಪುಟಾಣಿಯ ಹೆಸರಿರಲಿಲ್ಲ.

ಬುಧವಾರ ಚಹಾ ಉಕ್ಕಿದ ಮೇಲೆ ತೂಕದಕ್ಕ ಮೇಷ್ಟ್ರ ಬಳಿ ಹೋದಳು. ಮೇಷ್ಟ್ರು ಕೆಟ್ಟವರಲ್ಲ. ಬಡಬಡ ಮಾತಿನ, ಮಂಡಿ ನೋವಿನ ಮನುಷ್ಯ.

"ನಿಮ್ಮನ್ನ ಎಷ್ಟ್ ಕೇಳಿದ್ರೂ ಬಾಯಿ ಬಿಡಲ್ಲ ಮೇಡಂ ನೀವು," ಎಂದು ನಕ್ಕರು. "ನಿಮ್ಮ ಪೆನ್ಸಿಲ್ ಮಾತ್ರ ಒಳ್ಳೇದು. ಒಂದು ವರ್ಷದಿಂದ ಎಲ್ಲಾ ಹೇಳ್ತಿದೆ. ನಿನ್ನೆ ಹೆಸರು ಯಾಕಿಲ್ಲ ಅಂತ ಪುಟಾಣಿ ಕೇಳಿದ್ಲು, ಚುಕ್ಕೆ ತೋರಿಸ್ದೆ."

ಚುಕ್ಕೆ ಕಂಡವರನ್ನು ಮೇಷ್ಟ್ರು ಪಟ್ಟಿಯಿಂದ ಬಿಡುತ್ತ ಬಂದಿದ್ದಾರೆ ಎಂದು ಅವಳಿಗೆ ಆಗ ಹೊಳೆಯಿತು.

"ಮೇಷ್ಟ್ರೇ, ಚುಕ್ಕೆ ಇರೋರು ಬಂದು ಹೇಳ್ಕೊಂಡೋರು. ಅವರ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಚುಕ್ಕೆ ಇಲ್ದೋರು ಏನು ನುಂಗ್ಕೊಂಡಿದಾರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಮೇಷ್ಟ್ರ ನಗು ನಿಂತಿತು. ಮಂಡಿ ಉಜ್ಜಿಕೊಂಡರು. "ಸರಿ. ಹಾಗಾದ್ರೆ ನೀವೇ ಹೇಳಿ, ಅವಳು ಎತ್ತುತ್ತಾಳಾ?"

ಪುಟಾಣಿಯ ಒಪ್ಪಿಗೆಯಿಲ್ಲದೆ ಒಂದು ಪದವನ್ನೂ ಹೇಳುವ ಹಾಗಿರಲಿಲ್ಲ.

"ನೋಡಿ, ಮತ್ತೆ ಬಾಯಿಗೆ ಬೀಗ. ಪಟ್ಟಿ ಶನಿವಾರ ಹನ್ನೆರಡಕ್ಕೆ ಕಳಿಸ್ತೀನಿ. ಅದಾದ್ಮೇಲೆ ನನ್ನ ಕೈಲಿಲ್ಲ."

ಏಳಕ್ಕೆ ಪುಟಾಣಿ ತೂಕಕ್ಕೆ ಬಂದಳು. ಯಂತ್ರದ ಮೇಲೆ ಹತ್ತಿ ಗೋಡೆ ನೋಡಿದಳು. ಅಂಕಿ ನಿಂತಿತು.

"ಚುಕ್ಕೆ ಇಟ್ಕೊಳ್ಳಿ ಅಕ್ಕ," ಎಂದಳು. "ಮರ್ತುಬಿಟ್ಟೀರಾ."

ಅಷ್ಟೇ. ಇಳಿದು ಪರದೆ ಸರಿಸಿ ಹೋದಳು. ಆ ಮಧ್ಯಾಹ್ನ ಮೂರಕ್ಕೆ ಬರಲಿಲ್ಲ. ಗುರುವಾರವೂ ಬರಲಿಲ್ಲ. ತೂಕದಕ್ಕ ಕುರ್ಚಿಯಲ್ಲಿ ಕೂತು ಪುಸ್ತಕದ ಹಿಂದಿನ ಹಾಳೆ ತಿರುವಿದಳು. ಕಳೆದ ವರ್ಷ ತರಬೇತಿ ಬಿಟ್ಟು ಹೋದ ಎತ್ತರದ ಹುಡುಗಿಯ ಸಾಲಿನಲ್ಲಿ ಆರು ಚುಕ್ಕೆಗಳಿದ್ದವು. ಯಾಕೆ ಆಯ್ಕೆಯಾಗಲಿಲ್ಲವೆಂದು ಆ ಹುಡುಗಿಗೆ ಕೊನೆಗೂ ಗೊತ್ತಾಗಿರಲಿಲ್ಲ. ಇವಳಿಗೂ.

ಆ ಸಂಜೆ ತಮ್ಮನ ಹೆಂಡತಿ ಫೋನು ಮಾಡಿದಳು. ಗುರುವಾರ ತಪ್ಪದೆ ಮಾಡುವವಳು ಅವಳೊಬ್ಬಳೇ.

"ಊರವರ ಮನಸ್ಸೆಲ್ಲಾ ಓದೋ ಅತ್ತಿಗೆಮ್ಮಂಗೆ ನಮ್ಮ ನೆನಪೇ ಇಲ್ವಲ್ಲಾ. ಹೂಂ, ಏನ್ ಊಟ?"

"ಅನ್ನ, ಬೇಳೆ."

"ಯಾಕೆ, ದನಿ ಹಾಗಿದೆ?"

"ನೆಗಡಿ."

"ಬಿಸಿನೀರು ಕುಡೀರಿ. ಅಲ್ಲಾ, ಎಲ್ಲರ ಕಷ್ಟಾನೂ ಕೇಳ್ತೀರಲ್ಲ, ನಿಮ್ದು ಯಾರಿಗೆ ಹೇಳ್ತೀರಿ ಅತ್ತಿಗೆ? ಆ ತೂಕದ ಮೆಷಿನ್ನಿಗಾ?" ಎಂದು ಅವಳು ಗಲಗಲ ನಕ್ಕಳು. ಇವಳೂ ನಕ್ಕಳು. ಫೋನಿಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿತ್ತು.

ಶುಕ್ರವಾರವೂ ಗೋಡೆಯಾಚೆ ಆ ಎರಡು ಸಲ ಬೀಳುವ ಸದ್ದಿಲ್ಲ. ಹುಡುಗಿ ತೂಕಕ್ಕೆ ಬಂದಳು, ಮಾತಿಲ್ಲದೆ ಇಳಿದಳು. ಸಂಜೆ ಬ್ರೆಡ್ಡಿನ ಅಂಗಡಿಯ ಮುಂದೆ ಗೆಳತಿಯರ ನಡುವೆ ನಿಂತಿದ್ದಳು. ತೂಕದಕ್ಕನಿಗೆ ಹೋಗಿ ಕೈ ಹಿಡಿದು ಮಾತಾಡಿಸಿಬಿಡಬೇಕು ಅನ್ನಿಸಿತು. ಆದರೆ ಐದು ಜನರ ಮುಂದೆ ಮಾತಾಡಿಸಿದರೆ ಒಂಬತ್ತು ಮಧ್ಯಾಹ್ನಗಳನ್ನೂ ಬೀದಿಯಲ್ಲಿ ಹರವಿದ ಹಾಗೆ. ಅವಳು ಬ್ರೆಡ್ಡೂ ಕೊಳ್ಳದೆ ಮುಂದೆ ನಡೆದಳು.

ಶನಿವಾರ ಏಳು ಗಂಟೆ. ಪರದೆ ಸರಿಯಿತು. ಪುಟಾಣಿ ಚಪ್ಪಲಿ ಬಿಡುತ್ತಿರುವಾಗ ಅವಳು ಎದ್ದು ನಿಂತಳು.

"ಇವತ್ತು ನೀನು ಇಲ್ಲಿ ಕೂತ್ಕೋ. ನೀನು ಬರಿ."

ಹುಡುಗಿ ಹುಬ್ಬೇರಿಸಿದಳು. ಕೂತಳು. ತೂಕದಕ್ಕ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದಳು. ಆರು ವರ್ಷದಲ್ಲಿ ಮೊದಲ ಸಲ ಅವಳು ಆ ಗೋಡೆಯನ್ನು ಎದುರಿನಿಂದ ನೋಡಿದ್ದು. ಸುಣ್ಣ ಒಂದು ಕಡೆ ಎದ್ದಿತ್ತು. ಯಾರೋ ಉಗುರಿನಿಂದ ಕೆರೆದು ಒಂದು ಮೀನು ಬಿಡಿಸಿದ್ದರು. ಬೆನ್ನ ಹಿಂದೆ ಒಬ್ಬರು ಕೇಳುತ್ತಿದ್ದಾರೆ ಎನ್ನುವುದು ಇಷ್ಟು ವಿಚಿತ್ರವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಚುಕ್ಕೆ ನನ್ನ ಮರೆವಿಗೆ ಇಟ್ಕೊಂಡಿದ್ದು," ಎಂದು ಗೋಡೆಗೆ ಹೇಳಿದಳು. "ಯಾರಿಗೂ ಕಾಣಲ್ಲ ಅಂದ್ಕೊಂಡೆ. ಮೇಷ್ಟ್ರಿಗೆ ಕಾಣ್ತು. ನಾನು ಒಂದು ಮಾತೂ ಆಡ್ಲಿಲ್ಲ, ಆದ್ರೂ ನನ್ನ ಕೈಯಿಂದಾನೇ ನಿನ್ನ ಹೆಸರು ಹೋಯ್ತು. ತಪ್ಪು ನಂದು. ಎಲ್ಲಾ ಚುಕ್ಕೆ ಅಳಿಸಿದೀನಿ, ಅದರಿಂದ ನಿನಗೇನೂ ಸಿಗಲ್ಲ ಅಂತ ಗೊತ್ತು." ಉಸಿರು ಎಳೆದುಕೊಂಡಳು. "ನೀನು ಹೂಂ ಅಂದ್ರೆ ಹನ್ನೆರಡರೊಳಗೆ ಹೋಗಿ ನಿನ್ನ ಬಗ್ಗೆ ಎರಡು ಮಾತು ಹೇಳ್ತೀನಿ. ಬೇಡ ಅಂದ್ರೆ ಇಲ್ಲ."

ಹಿಂದಿನಿಂದ ಪೆನ್ಸಿಲಿನ ಸದ್ದು ಬಂತು.

"ಅಲುಗಾಡ್ಬೇಡಿ ಅಕ್ಕ, ಅಂಕಿ ನಿಲ್ತಿಲ್ಲ," ಎಂದಳು ಪುಟಾಣಿ. ಅಂಕಿ ನಿಂತ ಮೇಲೆ, "ಅರವತ್ತೊಂದು. ಆ ಡಬ್ಬಿ ಊಟ ತಿಂದು ಇಷ್ಟಾ?"

ಅವಳು ತಿರುಗಲಿಲ್ಲ. ಕಣ್ಣು ಒರೆಸಿಕೊಂಡರೆ ಹಿಂದಿನಿಂದ ಕಾಣುತ್ತದೆಂದು ಕೈಯನ್ನೂ ಎತ್ತಲಿಲ್ಲ.

"ನೀವು ಹೇಳೋದು ಬೇಡ," ಹುಡುಗಿಯ ದನಿ ಗಟ್ಟಿಯಾಗಿತ್ತು. "ಮೇಷ್ಟ್ರಿಗೆ ನಾನೇ ಹೇಳ್ತೀನಿ. ಬಾರ್ ಬಿದ್ದಿದ್ದು, ಹೆದರಿದ್ದು, ಇಲ್ಲಿಗೆ ಬಂದಿದ್ದು, ಎಲ್ಲಾ. ಆಮೇಲೆ ಅವರ ಮುಂದೆ ಎತ್ತಿ ತೋರಿಸ್ತೀನಿ. ಎತ್ತಕ್ಕಾಗ್ಲಿಲ್ಲ ಅಂದ್ರೆ ಎತ್ತಕ್ಕಾಗ್ಲಿಲ್ಲ. ನೀವು ಒಳಗೆ ಬರೋದು ಬೇಡ. ಶೆಡ್ ಬಾಗಿಲ ತನಕ ಬನ್ನಿ."

"ಮೈದಾನ ದಾಟಿನಾ? ಎಲ್ಲರೂ ನೋಡ್ತಾರೆ."

"ನೋಡ್ಲಿ."

ಪುಟಾಣಿ ಪರದೆಯನ್ನು ಪೂರ್ತಿ ಸರಿಸಿ ಹೊರಗೆ ಹೋದಳು. ಸಾಲಿನಲ್ಲಿ ಹದಿನೇಳು ಜನ ನಿಂತಿದ್ದರು. ಹುಡುಗಿ ಅವರ ಮುಂದೆಯೇ ತಿರುಗಿ, "ಅಕ್ಕಾ, ಬರ್ತೀರಾ ಇಲ್ವಾ?" ಎಂದು ಕೂಗಿ, ಕಾಯದೆ ಬಿರಬಿರನೆ ನಡೆದಳು. ಸಾಲು ತೂಕದಕ್ಕನ ಮುಖ ನೋಡಿತು. ಹಗಲಲ್ಲಿ, ಹೊರಗೆ, ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಚಪ್ಪಲಿ ಎಡಬಲ ಅದಲುಬದಲಾಗಿ ಮೆಟ್ಟಿಕೊಂಡಳು.

"ಎಲ್ಲಿಗಕ್ಕ? ನಮ್ಮ ತೂಕ?" ಮೀಸೆಯವನು ಕೇಳಿದ.

"ನೀವೇ ಬರ್ಕೊಂಡಿರ್ರಪ್ಪ, ಪೆನ್ಸಿಲ್ ಅಲ್ಲೇ ಇದೆ, ಚುಕ್ಕೆ ಗಿಕ್ಕೆ ಏನೂ ಇಡ್ಬೇಡಿ, ನಾನು ಇವಳ ಜೊತೆ ಬಾಗಿಲ ತನಕ ಹೋಗಿ ಹೀಗೆ ಬಂದೆ," ಎನ್ನುತ್ತ ಅವಳು ಪುಟಾಣಿಯ ಹಿಂದೆ ಮೈದಾನಕ್ಕೆ ಇಳಿದಳು.