ಉದ್ದಣ್ಣನ ಬೆನ್ನು

ಕಂಡಕ್ಟರಮ್ಮನ ಬಾಯಿಗೆ ಹೆದರದವರು ಆ ಕಟ್ಟಡದಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಅರ್ಧ ಆಯುಸ್ಸು ಕಳೆದವಳು. ಬಾಗಿಲಿಗೆ ಜೋತುಬಿದ್ದ ಗಂಡಸರನ್ನು ಗದರಿ ಒಳಗೆ ತಳ್ಳಿ, ಬಸುರಿಯರಿಗೆ ಸೀಟು ಬಿಡಿಸಿ ಅಭ್ಯಾಸವಾದವಳು. ನಿವೃತ್ತಿಯಾಗಿ ಮೂರನೇ ಮಹಡಿಯ ಮನೆಯಲ್ಲಿ ಒಬ್ಬಳೇ ಕೂತ ಮೇಲೆ ಗದರಲು ಯಾರೂ ಸಿಗದೆ ಮಂಕಾಗಿಹೋದಳು. ಅದನ್ನು ನೋಡಲಾರದೆ ತಂಗಿ ಒಂದು ಕಂದು ನಾಯಿಮರಿ ತಂದು ಅವಳ ಮಡಿಲಿಗೆ ಹಾಕಿದಳು. ಡ್ಯಾಕ್ಸ್‌ಹುಂಡ್ ಜಾತಿ. ಕಾಲು ಗೇಣುದ್ದವೂ ಇಲ್ಲ, ಮೈ ಮಾತ್ರ ಮುಗಿಯುವುದೇ ಇಲ್ಲ.

"ಇದೇನೇ, ಎರಡು ನಾಯಿ ಮೈಗೆ ಅರ್ಧ ನಾಯಿ ಕಾಲು ಜೋಡ್ಸಿದಾರೆ!"

"ನೀನು ಎಷ್ಟು ಬೈದ್ರೂ ಬೇಜಾರು ಮಾಡ್ಕೊಳ್ಳಲ್ಲ ಅಕ್ಕ, ಇಟ್ಕೋ," ಎಂದಳು ತಂಗಿ.

ಅಂದಿನಿಂದ ಅದು ಉದ್ದಣ್ಣ. ಬೆಳಿಗ್ಗೆ ಸಂಜೆ ಇಬ್ಬರೂ ಲಿಫ್ಟಿನಲ್ಲಿ ಇಳಿದು ರಸ್ತೆ ಸುತ್ತಿ ಬರುತ್ತಿದ್ದರು. ಉದ್ದ ಬೆನ್ನಿನ ನಾಯಿ, ಮೆಟ್ಟಿಲು ಹತ್ತಿಸಬೇಡಿ ಎಂದು ಪಶುವೈದ್ಯೆ ಮೊದಲೇ ಹೇಳಿದ್ದಳು.

ಹೀಗಿರುವಾಗ ಲಿಫ್ಟಿನಲ್ಲಿ ಯಾರದೋ ಪ್ಯಾಂಟಿಗೆ ನಾಯಿಕೂದಲು ಅಂಟಿತಂತೆ. ಮಾರನೆಯ ದಿನ ಲಿಫ್ಟಿನ ಪಕ್ಕದಲ್ಲಿ ಚೀಟಿ ಬಿತ್ತು: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಕಂಡಕ್ಟರಮ್ಮ ನೆಟ್ಟಗೆ ಕಟ್ಟಡದ ಸಂಘದ ಸೆಕ್ರೆಟರಿಯ ಮನೆಗೆ ಹೋದಳು. ಅವನು ಬನಿಯನ್ನಿನಲ್ಲೇ ಬಾಗಿಲಿಗೆ ಬಂದ.

"ರೂಲ್ಸು ಅಂದ್ರೆ ರೂಲ್ಸು ಅಮ್ಮಾ. ಮೆಟ್ಟಿಲು ಇದೆಯಲ್ಲ? ನಿಮ್ಮ ನಾಯಿ ಜಾತಿ ಹೆಸರೇ ಡ್ಯಾಶ್‌ಹೌಂಡು. ಡ್ಯಾಶ್ ಅಂದ್ರೆ ಓಟ. ಓಡ್ಲಿ ಬಿಡಿ!" ಎಂದು ತನ್ನ ಜೋಕಿಗೆ ತಾನೇ ನಕ್ಕ.

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ರೂಲ್ಸು ತೋರಿಸಿಯೇ ಎಷ್ಟೋ ಜನರನ್ನು ಬಸ್ಸಿನಿಂದ ಇಳಿಸಿದವಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಅಂದಿನಿಂದ ನೋಯುವ ಮಂಡಿಯಲ್ಲೇ ಉದ್ದಣ್ಣನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿದಳು.

ಒಂದು ಬೆಳಿಗ್ಗೆ ಇನ್ನೊಂದು ಕೈಯಲ್ಲಿ ತರಕಾರಿ ಚೀಲವಿತ್ತು. ತಿರುವಿನಲ್ಲಿ ಮಂಡಿ ಹಿಡಿದುಕೊಂಡಿತು. ತೋಳು ಸಡಿಲವಾದ ಕ್ಷಣದಲ್ಲೇ ಉದ್ದಣ್ಣ ಜಾರಿ, ಮೆಟ್ಟಿಲ ಅಂಚಿಗೆ ಬೆನ್ನು ಬಡಿದು, ಕೆಳಕ್ಕೆ ಉರುಳಿದ. ಒಮ್ಮೆ ಕಿರುಚಿದ, ಅಷ್ಟೇ. ಮುಂಗಾಲೂರಿ ಏಳಲು ನೋಡಿದ. ಹಿಂಗಾಲುಗಳು ಒದ್ದೆ ಬಟ್ಟೆಯಂತೆ ನೆಲಕ್ಕೆ ಅಂಟಿಕೊಂಡಿದ್ದವು.

"ಬೆನ್ನುಮೂಳೆ ನಡುವಿನ ಡಿಸ್ಕ್ ಜಾರಿದೆ," ಎಂದಳು ಪಶುವೈದ್ಯೆ. "ಕದಲದ ಹಾಗೆ ಮಲಗಿಸಿ, ಔಷಧಿ ಕೊಡೋಣ. ನಡೀತಾನೆ ಅಂತ ಈಗ್ಲೇ ಹೇಳಕ್ಕಾಗಲ್ಲ."

"ಓಟದ ನಾಯಿ ಅಂತ ಅದರ ಹೆಸರೇ ಇದೆಯಂತಲ್ಲ ಡಾಕ್ಟ್ರೇ?"

"ಯಾರು ಹೇಳಿದ್ದು? ಅದು ಜರ್ಮನ್ ಮಾತು. ಡಾಕ್ಸ್ ಅಂದ್ರೆ ಬ್ಯಾಡ್ಜರು, ನೆಲದಲ್ಲಿ ಬಿಲ ತೋಡ್ಕೊಂಡಿರೋ ಪ್ರಾಣಿ. ಹುಂಡ್ ಅಂದ್ರೆ ನಾಯಿ. ಬಿಲಕ್ಕೆ ನುಗ್ಗಿ ಅದನ್ನ ಎದುರಿಸ್ಲಿ ಅಂತ ಈ ಮೋಟು ಕಾಲು, ಈ ಮೈ."

ಭಾನುವಾರ ಪಾರ್ಕಿಂಗ್ ಜಾಗದಲ್ಲಿ ಸಂಘದ ಸಭೆ. ಟವೆಲ್ ಹಾಸಿದ ಬುಟ್ಟಿಯಲ್ಲಿ ಉದ್ದಣ್ಣನನ್ನು ತಂದು ಕಂಡಕ್ಟರಮ್ಮ ಸೆಕ್ರೆಟರಿಯ ಮುಂದಿನ ಮೇಜಿನ ಮೇಲಿಟ್ಟಳು.

"ನೋಡಿ ಸ್ವಾಮಿ, ನಿಮ್ಮ ಓಟದ ನಾಯಿ. ಅದು ಡ್ಯಾಶ್ ಅಲ್ಲ, ಡಾಕ್ಸ್. ಬಿಲಕ್ಕೆ ನುಗ್ಗೋ ನಾಯಿ. ಮೆಟ್ಟಿಲು ಹತ್ತೋಕೆ ಹುಟ್ಟಿದ್ದಲ್ಲ."

"ನಮಗ್ಯಾಕಮ್ಮಾ ಜರ್ಮನ್ ಪಾಠ?" ಸೆಕ್ರೆಟರಿ ಕುರ್ಚಿ ಹಿಂದಕ್ಕೆಳೆದ. "ನೀವು ಬೀಳಿಸಿದ್ದಕ್ಕೆ ಸಂಘ ಏನು ಮಾಡತ್ತೆ?"

ಯಾರೋ ಕಿಸಕ್ಕೆಂದರು. ಆ ಮಾತು ಅವಳಿಗೆ ನಾಟಬೇಕಾದಲ್ಲೇ ನಾಟಿತು. ರಾತ್ರಿಯೆಲ್ಲ ಅವಳು ತನಗೆ ತಾನೇ ಹೇಳಿಕೊಂಡದ್ದೂ ಅದನ್ನೇ. ಆಮೇಲೆ ಬಸ್ಸಿನ ಹಿಂಬಾಗಿಲಿಗೂ ಕೇಳುವಂಥ ಹಳೆಯ ದನಿ ಹೊರಬಂತು.

"ಬೀಳಿಸಿದ್ದು ನಾನೇ! ಆ ಪಾಪ ನನ್ನದೇ, ನಾನು ಹೊರ್ತೀನಿ. ಆದ್ರೆ ಈ ಮಂಡಿ ಇಟ್ಕೊಂಡು ನನ್ನನ್ನ ಮೆಟ್ಟಿಲು ಹತ್ತಿಸಿದ್ಯಾರು? ಒಂದು ಕೂದಲಿಗೆ! ನಿಮ್ಮ ಸೋಫಾ ಲಿಫ್ಟಲ್ಲಿ ಬಂತಲ್ಲ, ಅದು ಉದುರಿಸಿದ ಧೂಳು ಗುಡಿಸಿದ್ಯಾರು, ಹೇಳ್ರೀ!"

ಅವಳು ಬುಟ್ಟಿ ಎತ್ತಿಕೊಂಡು, ಗೋಡೆಯ ಚೀಟಿಯನ್ನು ಪರ್ರನೆ ಕಿತ್ತು, ಎಲ್ಲರ ಕಣ್ಣೆದುರೇ ಲಿಫ್ಟ್ ಹತ್ತಿದಳು. ಮನೆಯ ಬಾಗಿಲು ಹಾಕಿಕೊಂಡು ಬುಟ್ಟಿಯ ಪಕ್ಕದಲ್ಲೇ ನೆಲಕ್ಕೆ ಕೂತಳು.

ಚೀಟಿಯನ್ನು ಮತ್ತೆ ಯಾರೂ ಅಂಟಿಸಲಿಲ್ಲ. ವಾರಗಳ ಮೇಲೆ ಉದ್ದಣ್ಣ ತೂರಾಡುತ್ತ ಎದ್ದುನಿಂತ. ಎಡ ಹಿಂಗಾಲು ಮಾತ್ರ ನೆಲ ಒರೆಸುತ್ತಲೇ ಉಳಿಯಿತು.

ಆಮೇಲೊಂದು ದಿನ ಲಿಫ್ಟ್ ಮುಚ್ಚುವಷ್ಟರಲ್ಲಿ ಸೆಕ್ರೆಟರಿ ಒಳಗೆ ನುಸುಳಿದ. ಬುಟ್ಟಿಯತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ಈಗ ಹೇಗಿದಾನಮ್ಮಾ?" ಎಂದ.

"ಕುಂಟ್ತಿದಾನೆ," ಎಂದಳು. ಇನ್ನೂ ಏನೋ ಹೇಳಲು ಅವನು ಬಾಯಿ ತೆರೆದ. ಅವಳು ಬುಟ್ಟಿಯನ್ನು ಎದೆಗವಚಿಕೊಂಡು ಗೋಡೆಯ ಕಡೆಗೆ ತಿರುಗಿ ನಿಂತಳು.